ಬಿಡ್ತು ಅನ್ನಲಿಲ್ಲ

ಕೊನೆಯ ಸೆಮಿಸ್ಟರಿನ ಉದ್ದಕ್ಕೂ ನಾನು ಡೈರಿಯ ಹಿಂದಿನ ರಟ್ಟಿನ ಒಳಬದಿಯಲ್ಲಿ ಗೆರೆ ಎಳೆಯುತ್ತ ಬಂದೆ. ಮನೆಯಲ್ಲಿ ಯಾರಾದರೂ ನನಗೆ ‘ಬಿಡ್ತು ಅನ್ನು’ ಎಂದಾಗಲೆಲ್ಲ ಒಂದು ಗೆರೆ. ನಾಲ್ಕು ನಿಂತ ಗೆರೆಗಳಾದ ಮೇಲೆ ಐದನೆಯದು ಓರೆಯಾಗಿ. ಸಂಕ್ರಾಂತಿಯ ಹೊತ್ತಿಗೆ ಶುರುವಾದದ್ದು ಯುಗಾದಿಗೆ ರಟ್ಟಿನ ಅರ್ಧ ತುಂಬಿತ್ತು. ಹೆಚ್ಚಿನವು ಅಜ್ಜಿಯವು. ಉಳಿದವು ಅಪ್ಪನವು. ಅಮ್ಮನದು ಒಂದೂ ಇಲ್ಲ. ಅದಕ್ಕೆ ಕಾರಣವಿದೆ, ಮುಂದೆ ಬರುತ್ತದೆ. ನಾನು ಎಷ್ಟು ಸಲ ‘ಬಿಡ್ತು’ ಅಂದೆ ಎಂಬುದಕ್ಕೂ ಕೆಳಗೆ ಒಂದು ಸಾಲು ಬಿಟ್ಟಿದ್ದೆ. ಆ ಸಾಲು ಖಾಲಿ ಇದೆ.

ನಾನು ಓದುತ್ತಿದ್ದದ್ದು ಜಯನಗರದ ಒಂದು ಕಾಲೇಜಿನಲ್ಲಿ, ಬಿಬಿಎ. ಮೂರನೆಯ ವರ್ಷಕ್ಕೆ ಒಂದು ವಿಶೇಷ ವಿಷಯ ಆರಿಸಿಕೊಳ್ಳಬೇಕಿತ್ತು. ಹೆಚ್ಚಿನವರು ಮಾರ್ಕೆಟಿಂಗ್ ತೆಗೆದುಕೊಂಡರು, ಕೆಲವರು ಫೈನಾನ್ಸ್. ನಾನು ರಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದುಕೊಂಡೆ. ಆ ತರಗತಿಯ ಕೋಣೆಯಲ್ಲಿ ಯಾವಾಗಲೂ ಬೇಕಾದಷ್ಟು ಬೆಂಚು ಖಾಲಿ ಇರುತ್ತಿತ್ತು. ನೆಂಟರು ಕೇಳುತ್ತಿದ್ದರು, ‘ಅದೇನದು ಓದು, ಎಲ್‌ಐಸಿ ಏಜೆಂಟ್ ಆಗಕ್ಕಾ?’ ಏನೇನು ಕೆಟ್ಟದ್ದು ಆಗಬಹುದು ಅಂತ ಮೊದಲೇ ಯೋಚಿಸಿ, ಬರೆದು, ಅದನ್ನು ತಡೆಯುವ ದಾರಿ ಹುಡುಕುವುದು ಎಂದು ನಾನು ವಿವರಿಸುತ್ತಿದ್ದೆ. ಒಬ್ಬ ಸೋದರತ್ತೆ ನಕ್ಕು ಹೇಳಿದ್ದಳು: ‘ಅದಕ್ಕೆ ಫೀಸ್ ಯಾಕೆ ಕಟ್ತೀಯೇ, ನಿಮ್ಮಜ್ಜಿ ಎಪ್ಪತ್ತು ವರ್ಷದಿಂದ ಪುಕ್ಸಟ್ಟೆ ಮಾಡ್ತಾವ್ಳೆ.’

ಅತ್ತೆ ಹೇಳಿದ್ದು ಅರ್ಧ ನಿಜ. ನನ್ನಜ್ಜಿಗೂ ಅಪಾಯದ ಲೆಕ್ಕ ಚೆನ್ನಾಗಿ ಗೊತ್ತು. ಆದರೆ ಅವಳ ವಿಧಾನ ಒಂದೇ: ಬಾಯಿ ಬಿಡಬಾರದು. ಅಸ್ತು ದೇವತೆಗಳು ಸದಾ ತಲೆಯ ಮೇಲೆ ತಿರುಗುತ್ತಿರುತ್ತಾರೆ, ದೀಪ ಹಚ್ಚುವ ಹೊತ್ತಿನಲ್ಲಂತೂ ಕಿವಿಯ ಪಕ್ಕದಲ್ಲೇ ಇರುತ್ತಾರೆ, ನಾವು ಆಡಿದ್ದಕ್ಕೆ ಒಳ್ಳೆಯದೋ ಕೆಟ್ಟದ್ದೋ ನೋಡದೆ ಅಸ್ತು ಎಂದುಬಿಡುತ್ತಾರೆ. ಆದ್ದರಿಂದ ಬಿದ್ದರೆ, ಸತ್ತರೆ, ಸುಟ್ಟರೆ ಎಂಬ ಮಾತು ಬಾಯಿಗೆ ಬಂದರೆ ತಕ್ಷಣ ‘ಬಿಡ್ತು’ ಎಂದು ಹಿಂದಕ್ಕೆ ತೆಗೆದುಕೊಳ್ಳಬೇಕು. ನಾನು ಓದುತ್ತಿದ್ದ ವಿಷಯದಲ್ಲಿ ಅಂಥ ಮಾತುಗಳನ್ನು ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

ತರಗತಿಯಲ್ಲಿ ಸಾರ್ ಬೋರ್ಡಿನ ಮೇಲೆ ಐದಕ್ಕೆ ಐದರ ಚೌಕ ಬರೆಯುತ್ತಿದ್ದರು. ಅಡ್ಡಕ್ಕೆ ಅದು ಆಗುವ ಸಂಭವ ಎಷ್ಟು, ಉದ್ದಕ್ಕೆ ಆದರೆ ಆಗುವ ಹಾನಿ ಎಷ್ಟು. ಎರಡಕ್ಕೂ ಒಂದರಿಂದ ಐದರವರೆಗೆ ಅಂಕ. ಗುಣಿಸಿದರೆ ಬರುವ ಸಂಖ್ಯೆಗೆ ತಕ್ಕ ಬಣ್ಣ: ಕೆಳಗೆ ಹಸಿರು, ನಡುವೆ ಹಳದಿ, ಮೇಲಿನ ಮೂಲೆಯಲ್ಲಿ ಕೆಂಪು. ಮೊದಲ ದಿನ ಉದಾಹರಣೆ ಕೇಳಿದಾಗ ಬಿಟಿಎಂ ಲೇಔಟಿನಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು, ‘ಸಾರ್, ಸಿಲ್ಕ್ ಬೋರ್ಡ್ ಹತ್ರ ಸಿಕ್ಕಾಕೊಂಡು ಲೇಟಾಗೋದು. ಸಂಭವ ಐದಕ್ಕೆ ಐದು’ ಅಂದ.

‘ಹಾನಿ?’

‘ಅಟೆಂಡೆನ್ಸ್ ಹೋದ್ರೆ ಐದು ಸಾರ್. ನೀವು ದೊಡ್ಡ ಮನಸ್ಸು ಮಾಡಿದ್ರೆ ಒಂದು.’

‘ಇದಕ್ಕೇ ಕಣಪ್ಪ ರಿಸ್ಕ್ ಟ್ರಾನ್ಸ್‌ಫರ್ ಅನ್ನೋದು. ನಿನ್ನ ತಪ್ಪನ್ನ ನನ್ನ ತಲೆಗೆ ಕಟ್ಟೋದು.’

ಅಪಾಯವೊಂದು ಗೊತ್ತಾದ ಮೇಲೆ ಮಾಡಬಹುದಾದದ್ದು ನಾಲ್ಕೇ ಎಂದು ಸಾರ್ ಹೇಳಿದ್ದರು. ಅದರಿಂದ ದೂರ ಇರಬಹುದು, ಅದನ್ನು ಕಡಿಮೆ ಮಾಡಬಹುದು, ವಿಮೆ ಮಾಡಿಸಿ ಇನ್ನೊಬ್ಬರ ಹೆಗಲಿಗೆ ದಾಟಿಸಬಹುದು, ಇಲ್ಲವೆ ಒಪ್ಪಿಕೊಳ್ಳಬಹುದು. ಒಪ್ಪಿಕೊಳ್ಳುವುದು ಅಂದರೆ ಏನೂ ಮಾಡದೆ ಇರುವುದು ತಾನೆ ಎಂದು ಯಾರೋ ಕೇಳಿದರು. ಸಾರ್ ಸೀಮೆಸುಣ್ಣ ಕೆಳಗಿಟ್ಟು ಅಂದರು: ‘ಅಲ್ಲ. ಸುಮ್ನಿರೋದು ಬೇರೆ, ಒಪ್ಕೊಳ್ಳೋದು ಬೇರೆ. ಒಪ್ಕೊಳ್ಳೋನು ನಂಗೆ ಗೊತ್ತು ಅಂತ ಬರೆದು ಸೈನ್ ಹಾಕ್ಬೇಕು.’ ನಾನು ಅದನ್ನು ಆ ದಿನದ ಪುಟದಲ್ಲಿ ಬರೆದುಕೊಂಡೆ. ಪರೀಕ್ಷೆಗೆ ಬರಬಹುದು ಎಂದು ಪಕ್ಕದಲ್ಲಿ ನಕ್ಷತ್ರ ಹಾಕಿದೆ.

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್. ನಿಜವಾದ ಒಂದು ಜಾಗಕ್ಕೆ ಹೋಗಿ, ಅಲ್ಲಿನ ಅಪಾಯಗಳನ್ನು ಗುರುತಿಸಿ, ಅಂಕ ಹಾಕಿ, ಪರಿಹಾರ ಸೂಚಿಸಿ ವರದಿ ಬರೆಯಬೇಕು. ಆ ಜಾಗದ ಮಾಲೀಕರು ಓದಿ ಸಹಿ ಹಾಕಬೇಕು. ಸಹಿ ಇಲ್ಲದ ವರದಿಯನ್ನು ಕಾಲೇಜು ತೆಗೆದುಕೊಳ್ಳುವುದಿಲ್ಲ, ವರದಿ ಇಲ್ಲದವರು ಪಾಸಾಗುವುದಿಲ್ಲ. ನನ್ನ ಗೆಳತಿ ಕತ್ರಿಗುಪ್ಪೆಯ ಸೀರೆ ಅಂಗಡಿ ತೆಗೆದುಕೊಂಡಳು. ಇನ್ನೊಬ್ಬ ಕುಮಾರಸ್ವಾಮಿ ಲೇಔಟಿನ ಜಿಮ್ ಹಿಡಿದ. ನಾನು ಬಿಳೇಕಹಳ್ಳಿಯ ನಮ್ಮದೇ ಕಟ್ಟಡವನ್ನು ಆರಿಸಿಕೊಂಡೆ. ಓಡಾಟ ಉಳಿಯುತ್ತದೆ, ಸಹಿಗೆ ಯಾರ ಬಾಗಿಲಲ್ಲೂ ಕಾಯಬೇಕಾಗಿಲ್ಲ ಎಂದುಕೊಂಡಿದ್ದೆ. ನನ್ನ ಮೊದಲ ಅಂದಾಜೇ ತಪ್ಪಿತು.

ನಮ್ಮ ಕಟ್ಟಡ ನಿಂತಿರುವುದು ನಮ್ಮ ತಾತನ ರಾಗಿ ಕಣದ ಮೇಲೆ. ಕಣವನ್ನು ಅಪ್ಪ ಮತ್ತು ಚಿಕ್ಕಪ್ಪ ಸಮಪಾಲು ಮಾಡಿಕೊಂಡು, ಒಂದು ಗೇಣು ಜಾಗವನ್ನೂ ವ್ಯರ್ಥ ಬಿಡದೆ ಗೋಡೆಗೆ ಗೋಡೆ ಅಂಟಿಸಿ ಎರಡು ಕಟ್ಟಡ ಕಟ್ಟಿದ್ದಾರೆ. ನಮ್ಮದರಲ್ಲಿ ಕೆಳಗೆ ಹಿಂಬದಿಗೆ ನಮ್ಮ ಮನೆ, ಮುಂಬದಿಗೆ ದೊಡ್ಡ ಅಡುಗೆಮನೆ. ಮೇಲಿನ ಮೂರು ಮಹಡಿ ಹೆಣ್ಣುಮಕ್ಕಳ ಪಿಜಿ. ಬನ್ನೇರುಘಟ್ಟ ರಸ್ತೆಯ ಆಫೀಸುಗಳಿಗೆ, ಕಾಲೇಜುಗಳಿಗೆ ಹೋಗುವ ಹುಡುಗಿಯರು ಇರುತ್ತಾರೆ. ಮೆಟ್ಟಿಲು ಒಂದೇ. ಅದು ಶುರುವಾಗುವುದು ಅಡುಗೆಮನೆಯ ಬಾಗಿಲ ಪಕ್ಕದಿಂದ. ಕಿಟಕಿಗಳಿಗೆಲ್ಲ ಕಬ್ಬಿಣದ ಗ್ರಿಲ್. ಮೆಟ್ಟಿಲ ತುದಿಯಲ್ಲಿ ಟೆರೇಸಿನ ಬಾಗಿಲು. ಟೆರೇಸಿಗೆ ಹೋದರೆ ಮೊಣಕಾಲೆತ್ತರದ ಗೋಡೆ ದಾಟಿ ಚಿಕ್ಕಪ್ಪನ ಟೆರೇಸಿಗೆ ಕಾಲಿಡಬಹುದು, ಅವರ ಮೆಟ್ಟಿಲಿನಿಂದ ಬೀದಿಗೆ ಇಳಿಯಬಹುದು. ಮಹಡಿಯ ಹುಡುಗಿಯರಿಗೆ ಎರಡನೆಯ ದಾರಿ ಅದೊಂದೇ.

ಆ ಬಾಗಿಲಿಗೆ ಬೀಗ. ಬೆಳಿಗ್ಗೆ ಬಟ್ಟೆ ಒಣಹಾಕಲು ಒಂದು ಗಳಿಗೆ, ಸಂಜೆ ದೀಪ ಹಚ್ಚುವ ಮುಂಚೆ ಬಟ್ಟೆ ತರಲು ಇನ್ನೊಂದು ಗಳಿಗೆ ಮಾತ್ರ ತೆಗೆಯುತ್ತಾರೆ. ಕೀ ಇರುವುದು ಅಜ್ಜಿಯ ಎಲೆಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಜೊತೆ.

ಬೀಗ ಅಪ್ಪನ ಹೆಮ್ಮೆ. ಹೊಸ ಹುಡುಗಿಯನ್ನು ಸೇರಿಸಲು ಊರಿನಿಂದ ಬರುವ ಅಪ್ಪ-ಅಮ್ಮಂದಿರು ಮೊದಲು ಕೇಳುವುದು ಊಟದ ಬಗ್ಗೆ ಅಲ್ಲ, ನೀರಿನ ಬಗ್ಗೆ ಅಲ್ಲ. ‘ಸೇಫ್ ಇದೆಯಾ ಸಾರ್?’ ಅಪ್ಪ ಅವರನ್ನು ನೇರ ಮೇಲಕ್ಕೆ ಕರೆದುಕೊಂಡು ಹೋಗುತ್ತಾನೆ. ಟೆರೇಸಿನ ಬಾಗಿಲ ಮುಂದೆ ನಿಂತು, ಬೀಗ ಹಿಡಿದು ಎರಡು ಸಲ ಜಗ್ಗಿ ತೋರಿಸುತ್ತಾನೆ. ಬಂದವರ ಮುಖ ಸಡಿಲವಾಗುತ್ತದೆ. ಅಲ್ಲಿಗೆ ವ್ಯವಹಾರ ಮುಗಿದಂತೆ. ಯಾರನ್ನು ಯಾರಿಂದ ಕಾಪಾಡಲು ಆ ಬೀಗ ಎಂದು ನಾನು ಚಿಕ್ಕವಳಿದ್ದಾಗಿನಿಂದ ನೋಡುತ್ತಲೇ ಬಂದಿದ್ದೇನೆ. ಹುಡುಗಿ ಮೇಲೆ ಹೋಗಿ ಫೋನಿನಲ್ಲಿ ಮಾತಾಡಬಾರದು, ಪಕ್ಕದ ಟೆರೇಸಿನವರು ನೋಡಬಾರದು, ಊರಿಗೆ ಸುದ್ದಿ ಮುಟ್ಟಬಾರದು. ಆ ಮೂರರಲ್ಲಿ ಒಂದರಿಂದಲೂ ಯಾರ ಉಸಿರೂ ಕಟ್ಟುವುದಿಲ್ಲ.

ವರದಿಯ ಕರಡನ್ನು ನಾನು ಮನೆಯಲ್ಲಿ ಮೊದಲ ಸಲ ಓದಿದ್ದು ಫೆಬ್ರವರಿಯ ಒಂದು ಗುರುವಾರ, ಸಂಜೆ. ಹೊತ್ತು ಆರಿಸಿಕೊಂಡದ್ದು ತಪ್ಪಾಯಿತು. ಅಜ್ಜಿ ದೇವರ ಮುಂದೆ ದೀಪ ಹಚ್ಚಿ ಬಂದು ಅಡಿಕೆ ಕತ್ತರಿಸುತ್ತ ಕೂತಿದ್ದಳು. ‘ಅಡುಗೆಮನೆಯಲ್ಲಿ ಬೆಂಕಿ ಹೊತ್ತಿಕೊಂಡು, ಹೊಗೆ ಮೆಟ್ಟಿಲಿಗೆ ನುಗ್ಗಿದರೆ’ ಎನ್ನುವಷ್ಟರಲ್ಲಿ ಅಡಕತ್ತರಿ ನಿಂತಿತು.

‘ಹೊತ್ತಲ್ಲದ ಹೊತ್ನಲ್ಲಿ ಎಂಥ ಮಾತಾಡ್ತೀಯೇ ಅಮ್ಮಣ್ಣಿ. ಬಿಡ್ತು ಅನ್ನು.’

‘ಇನ್ನೂ ವಾಕ್ಯ ಮುಗ್ದಿಲ್ಲ ಅಜ್ಜಿ.’

‘ಮುಗಿಸ್ಬ್ಯಾಡ. ದ್ಯಾವತೆಗಳು ಅಸ್ತು ಅಂದ್ಬುಟ್ರೆ ನಿನ್ ಕಾಲೇಜ್ನೋರು ಬಂದು ಬಿಡಿಸ್ಕೊಡ್ತಾರಾ?’

‘ಹಾಗಾದ್ರೆ ಅವ್ರು ಯಾವ ಟೈಮಲ್ಲಿ ರಜಾ ಹೇಳು, ಆಗ ಓದ್ತೀನಿ.’

‘ಬಾಯ್ ನೋಡು ಇವ್ಳದು. ಬೆಳಕು ಹರ್ದು ಬಿಸ್ಲು ಏರಿದ್ಮೇಲೆ ಓದ್ಕೊ.’

ಅಪ್ಪನಿಗೆ ಮಾತಿಗಿಂತ ಬಣ್ಣ ಕಂಡಿತು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ‘ಇದೇನು ಪುಟ್ಟಿ, ನಮ್ ಬಿಲ್ಡಿಂಗ್‌ಗೆ ನೀನೇ ಕೆಂಪು ಹಚ್ಚಿದ್ದೀಯ?’ ಎಂದು ಕೇಳಿದ. ಸಂಭವ ಮೂರು, ಹಾನಿ ಐದು, ಒಟ್ಟು ಹದಿನೈದು ಎಂದು ವಿವರಿಸಿದೆ. ಅಪ್ಪ ಸೈಟು ವ್ಯಾಪಾರ ಮಾಡಿ ಪಳಗಿದವನು. ಸಂಖ್ಯೆ ಕಂಡರೆ ಚೌಕಾಸಿ ಮಾಡದೆ ಇರಲಾರ.

‘ಮೂರು ಜಾಸ್ತಿ ಆಯ್ತು. ಒಂದು ಮಾಡು.’

‘ಒಂದು ಅಂದ್ರೆ ಆಗೋದೇ ಇಲ್ಲ ಅಂತ. ದಿನಾ ಮೂರೊತ್ತು ಅಷ್ಟು ದೊಡ್ಡ ಒಲೆ ಉರಿಯೋ ಜಾಗಕ್ಕೆ ಒಂದು ಹಾಕಕ್ಕಾಗಲ್ಲ ಅಪ್ಪ.’

‘ಹೋಗ್ಲಿ ಎರಡು. ಕೊನೆ ಮಾತು. ಹಾನಿ ಮೂರು.’

‘ಹಾನಿ ಯಾರಿಗೆ ಅಂತ ನೋಡಿದ್ಯಾ?’

ಅಪ್ಪ ಹಾಳೆಯನ್ನು ಮಡಚಿ ಕೊಟ್ಟ. ‘ಬಿಡ್ತು ಅನ್ನು’ ಎಂದ. ಆ ಸಂಜೆ ಎರಡು ಗೆರೆ ಬಿದ್ದವು.

ನನ್ನ ಅಪ್ಪನನ್ನು ಕೆಟ್ಟವನೆಂದು ಯಾರೂ ತಿಳಿಯಬಾರದು. ನನ್ನ ವರದಿಯಲ್ಲಿ ಬರೆದ ಬೇರೆಲ್ಲವನ್ನೂ ಅವನು ಮಾಡಿದ. ಗ್ಯಾಸಿನ ಹಳೆಯ ರಬ್ಬರ್ ಪೈಪುಗಳನ್ನು ಬದಲಿಸಿದ. ಸಿಲಿಂಡರುಗಳನ್ನು ಮೆಟ್ಟಿಲ ಕೆಳಗಿನಿಂದ ಹೊರಗಿನ ಗೂಡಿಗೆ ಸಾಗಿಸಿದ. ಪ್ರತಿ ಮಹಡಿಗೆ ಬೆಂಕಿ ಆರಿಸುವ ಕೆಂಪು ಡಬ್ಬಿ ತಂದು ನೇತುಹಾಕಿದ, ಅವಕ್ಕೆ ಆಯುಧ ಪೂಜೆ ಮಾಡಿದ ಹಾಗೆ ಅರಿಶಿನ ಕುಂಕುಮವನ್ನೂ ಇಟ್ಟ. ಹಣ ಖರ್ಚಾಗುವುದನ್ನೆಲ್ಲ ಮಾಡಿದ. ಬಿಡಿಗಾಸು ಖರ್ಚಿಲ್ಲದ ಒಂದನ್ನು ಮಾತ್ರ ಮಾಡಲಿಲ್ಲ.

‘ಬೀಗ ತೆಗುದ್ರೆ ಯಾರ್ ಬರ್ತಾರೆ ನಮ್ ಪಿಜಿಗೆ? ನಾಳೆ ಯಾರಾದ್ರೂ ಹುಡ್ಗಿ ಗೋಡೆ ದಾಟಿ ಹೋದ್ರೆ ಅವ್ರಪ್ಪಂಗೆ ಏನ್ ಹೇಳ್ಲಿ?’

‘ಗೋಡೆ ದಾಟಿ ಹೋದವ್ಳು ಫೋನ್ ಮಾಡಿದ್ರೆ ಸಿಗ್ತಾಳೆ ಅಪ್ಪ.’

ಅಪ್ಪ ಅಡುಗೆಮನೆಯ ಕಡೆ ತಿರುಗಿ ಅಮ್ಮನನ್ನು ಕರೆದ: ‘ನೀನಾದ್ರೂ ಹೇಳೇ ಇವ್ಳಿಗೆ, ಬಿಡ್ತು ಅನ್ನು ಅಂತ.’

ಪಿಜಿಯ ಅಡುಗೆ ಅಮ್ಮನ ಉಸ್ತುವಾರಿ. ಇಬ್ಬರು ಸಹಾಯಕ್ಕಿದ್ದಾರೆ, ಆದರೆ ಸಾರಿಗೆ ಒಗ್ಗರಣೆ ಅವಳದೇ ಆಗಬೇಕು. ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ‘ಒಲೆ ಮುಂದೆ ನಿಲ್ಲೋಳು ನಾನು. ನೀವು ಬಿಡ್ತು ಅಂದ್ರೂ ಅದು ಉರೀತದೆ, ಅನ್ದಿದ್ರೂ ಉರೀತದೆ’ ಎಂದು ಹೇಳಿ ಒಳಗೆ ಹೋದಳು. ಅಮ್ಮನ ಹೆಸರಿನ ಮುಂದೆ ಗೆರೆ ಇಲ್ಲದ ಕಾರಣ ಇದು.

ಅಪ್ಪ ಸಹಿ ಹಾಕಲಿಲ್ಲ. ಕೆಂಪು ಚೌಕ ಹಳದಿಯಾದರೆ ಆ ಕ್ಷಣವೇ ಹಾಕುತ್ತೇನೆ ಎಂದ. ಸೋಮವಾರ ಕಾಲೇಜಿಗೆ ಹೋಗಿ ಸಾರ್ ಮುಂದೆ ಕರಡು ಇಟ್ಟೆ. ಅವರು ಪೂರ್ತಿ ಓದಿದರು. ಓದದೆ ತಿರುವಿ ಹಾಕುವವರಲ್ಲ.

‘ಚೆನ್ನಾಗಿ ಮಾಡಿದ್ದೀಯಮ್ಮ. ಆದ್ರೆ ಸೈನ್ ಇಲ್ದೆ ನಾನು ಮುಂದಕ್ಕೆ ಕಳ್ಸಕ್ಕಾಗಲ್ಲ. ಹಳದಿ ಮಾಡ್ಬಿಡು. ಇದೇನು ನಿಜವಾದ ಆಡಿಟ್ಟಾ?’

‘ಅಲ್ಲಿ ಮಲಗೋರು ನಿಜವಾದೋರೇ ಸಾರ್.’

‘ಪ್ರಾಜೆಕ್ಟ್ ಇಲ್ಲಾಂದ್ರೆ ಒಂದು ವರ್ಷ ಹೋಗುತ್ತೆ. ನಿನ್ನ ಸ್ವಂತ ರಿಸ್ಕ್ ಲೆಕ್ಕ ಹಾಕಿದ್ದೀಯಾ?’

‘ಹಾಕಿದ್ದೀನಿ ಸಾರ್. ಅದೂ ಕೆಂಪೇ.’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ತಿಂಗಳ ಕೊನೆಯ ಶನಿವಾರದವರೆಗೆ ಸಮಯ ಕೊಟ್ಟರು. ಹೊರಗೆ ಕ್ಯಾಂಟೀನಿನಲ್ಲಿ ಸೀರೆ ಅಂಗಡಿಯ ಗೆಳತಿ ಸಿಕ್ಕಳು. ಅವಳ ವರದಿ ಬೈಂಡ್ ಆಗಿ, ಚಿನ್ನದ ಅಕ್ಷರದ ಹೊದಿಕೆ ಹಾಕಿಸಿಕೊಂಡು ಚೀಲದಲ್ಲಿತ್ತು.

‘ಒಂದು ಕ್ಲಿಕ್ ಕಣೇ ಮಗಾ. ಕೆಂಪು ಹೋಗಿ ಹಳದಿ. ನಿಮ್ಮಪ್ಪ ಖುಷಿ, ಸಾರ್ ಖುಷಿ, ನಂಗೊಂದು ಮಸಾಲೆ ದೋಸೆ.’

‘ನಿನ್ನ ಸೀರೆ ಅಂಗಡೀಲಿ ಹಿಂದಿನ ಬಾಗಿಲು ಎಲ್ಲಿತ್ತು?’

‘ನಾನೆಲ್ಲಿ ಹೋದೆ ಗುರು? ಅದು ಸೀನಿಯರ್ ಕೊಟ್ಟಿದ್ದು. ಅವಳದರಲ್ಲಿ ಚಪ್ಪಲಿ ಅಂಗಡಿ ಆಗಿತ್ತು, ನಾನು ಸೀರೆ ಮಾಡ್ದೆ.’

ಅವಳ ವರದಿಯಲ್ಲಿ ಎಲ್ಲ ಹಸಿರು. ಚಪ್ಪಲಿಗೂ ಹಸಿರು, ಸೀರೆಗೂ ಹಸಿರು. ನಾನು ದೋಸೆ ಕೊಡಿಸಿದೆ, ಹಳದಿ ಮಾಡಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಅಪ್ಪ ಮತ್ತೆ ಮಾತು ತೆಗೆದ. ಅಷ್ಟು ಹೊತ್ತಿಗೆ ಅವನದೇ ಒಂದು ವಾದ ಸಿದ್ಧವಾಗಿತ್ತು. ‘ಬೀಗ ಇದ್ರೇನು? ಕೀ ನಮ್ಮನೇಲೇ ಐತೆ. ಏನಾದ್ರೂ ಆದ್ರೆ ನಾನು ಎರಡು ನಿಮಿಷದಲ್ಲಿ ತೆಗೀತೀನಿ.’

‘ಈಗ ತೆಗಿ.’

‘ಈಗ ಯಾಕೆ?’

‘ಏನಾದ್ರೂ ಆಗಿದೆ ಅಂದ್ಕೊ.’

ಬಿಡ್ತು ಅನ್ನು ಎನ್ನಲು ಬಾಯಿ ತೆರೆದವನು ಅಷ್ಟಕ್ಕೇ ಎದ್ದ. ಅಜ್ಜಿಯ ಕೋಣೆಗೆ ಹೋದ. ಮಂಚದ ಮೇಲೆ ಸಂಚಿ ಇರಲಿಲ್ಲ. ಅಜ್ಜಿಯೂ ಇರಲಿಲ್ಲ. ಬೆಳಿಗ್ಗೆಯೇ ಕನಕಪುರದ ಕಡೆ ಬೀಗರ ಊಟಕ್ಕೆ ಹೋಗಿದ್ದಳು, ಅವನೇ ಕಾರಿಗೆ ಹತ್ತಿಸಿ ಬಂದಿದ್ದ. ಅಪ್ಪ ಫೋನ್ ಮಾಡಿ ಸ್ಪೀಕರ್ ಹಾಕಿದ. ಹಿಂದೆ ವಾಲಗ, ಎಲೆಗೆ ಬಡಿಸುವವರ ಕೂಗು.

‘ಅವ್ವ, ಟೆರೇಸ್ ಕೀ ಎಲ್ಲಿ?’

‘ಎಲ್ಲಿರ್ತದೆ, ಸಂಚೀಲೈತೆ.’

‘ಸಂಚಿ ಎಲ್ಲಿ?’

‘ನನ್ ಸೊಂಟದಲ್ಲೈತೆ. ಊಟಕ್ ಕೂತಿವ್ನಿ, ಆಮ್ಯಾಕ್ ಮಾಡ್ಲಾ.’

ಅಪ್ಪ ಬೀರುವಿನಿಂದ ಹಳೆಯ ಕೀಗಳ ಗೊಂಚಲು ತೆಗೆದು ಮೇಲಕ್ಕೆ ಹೋದ. ನಾನೂ ಹಿಂದೆಯೇ ಹೋದೆ. ಒಂದೊಂದೇ ಹಾಕಿ ತಿರುಗಿಸಿದ. ಯಾವುದೂ ಕೂರಲಿಲ್ಲ. ಬೆವರು ಒರೆಸಿಕೊಂಡ. ಮೇಲಿನ ಮಹಡಿಯ ಹುಡುಗಿಯೊಬ್ಬಳು ಸದ್ದು ಕೇಳಿ ಕೋಣೆಯಿಂದ ಹೊರಗೆ ಬಂದು ನಿಂತಳು. ದಾವಣಗೆರೆ ಕಡೆಯವಳು, ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ನಾನು ಅವಳನ್ನು ಕೇಳಿದೆ, ಕೆಳಗೆ ಬೆಂಕಿ ಬಿದ್ದು ಮೆಟ್ಟಿಲ ತುಂಬ ಹೊಗೆ ಬಂದರೆ ಏನು ಮಾಡುತ್ತೀಯ ಎಂದು. ಅವಳು ಬೀಗವನ್ನು ನೋಡಿದಳು, ಗೊಂಚಲು ಹಿಡಿದ ಅಪ್ಪನನ್ನು ನೋಡಿದಳು. ಕೊನೆಗೆ ನನ್ನನ್ನು ನೋಡಿ ಹೇಳಿದಳು:

‘ನಿಮ್ಮನ್ನ ಕೂಗ್ತೀನಿ ಅಕ್ಕ.’

ಅಪ್ಪ ಗೊಂಚಲು ಹಿಡಿದು ಕೆಳಗಿಳಿದ. ಮರುದಿನ ಬೀಗಕ್ಕೆ ಇನ್ನೊಂದು ಕೀ ಮಾಡಿಸಿ ತಂದು ನಮ್ಮ ಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ. ‘ಸರಿ ಹೋಯ್ತಾ? ಈಗ ಹಳದಿ ಮಾಡು’ ಎಂದ. ನಾನು ಮಾಡಲಿಲ್ಲ. ಕೀ ಕೆಳಗೆ, ಬಾಗಿಲು ಮೇಲೆ, ಹೊಗೆ ನಡುವೆ. ಒಂದು ಕೀ ಎರಡಾದ ಮಾತ್ರಕ್ಕೆ ಅದು ಮಹಡಿ ಹತ್ತುವುದಿಲ್ಲ. ಇಷ್ಟು ಹೇಳಿದ್ದಕ್ಕೆ ಅಪ್ಪ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟ. ಊಟಕ್ಕೆ ಕೂತಾಗ ‘ಅವ್ಳಿಗೆ ಮೊಸರು ಬೇಕಾ ಕೇಳು’ ಎಂದು ಅಮ್ಮನ ಮೂಲಕ ಕೇಳಿಸುತ್ತಿದ್ದ. ಬೇಡ ಎಂದು ನಾನೂ ಅಮ್ಮನಿಗೇ ಹೇಳುತ್ತಿದ್ದೆ.

ಆ ದಿನಗಳಲ್ಲಿ ನಾನು ಡೈರಿಯ ಹಳೆಯ ಪುಟಗಳನ್ನು ತಿರುವುತ್ತಿದ್ದಾಗ ನಕ್ಷತ್ರ ಹಾಕಿದ್ದ ಸಾಲು ಸಿಕ್ಕಿತು. ಅಪ್ಪ ದೂರ ಇರಲು ತಯಾರಿಲ್ಲ, ಕಡಿಮೆ ಮಾಡಲು ತಯಾರಿಲ್ಲ. ಹುಡುಗಿಯರ ಉಸಿರಿಗೆ ವಿಮೆ ಮಾಡಿಸಿ ಕೈತೊಳೆದುಕೊಳ್ಳಲಾಗುವುದಿಲ್ಲ. ಉಳಿದದ್ದು ನಾಲ್ಕನೆಯದು. ಸರಿ, ಅವನು ಒಪ್ಪಿಕೊಳ್ಳಲಿ. ನಿಯಮದ ಪ್ರಕಾರವೇ ಒಪ್ಪಿಕೊಳ್ಳಲಿ.

ವರದಿ ಇಂಗ್ಲಿಷಿನಲ್ಲಿತ್ತು. ಈ ಒಂದು ಪುಟವನ್ನು ನಾನು ಕನ್ನಡದಲ್ಲಿ ಬರೆದೆ. ಅದಕ್ಕೂ ಕಾರಣವಿತ್ತು. ನಮ್ಮ ಮನೆಯಲ್ಲಿ ಯಾವ ಕಾಗದಕ್ಕೂ ಓದಿಸದೆ ಸಹಿ ಹಾಕುವುದಿಲ್ಲ. ಊರ ಸುತ್ತಲ ಹೊಲಗಳೆಲ್ಲ ಲೇಔಟುಗಳಾದ ಕಾಲದಿಂದ ಬಂದ ರೂಢಿ ಅದು. ಬಾಡಿಗೆಯ ಕರಾರು ಪತ್ರವಾದರೂ ಸರಿ, ಮನೆಯ ಹಿರಿಯರ ಮುಂದೆ ಕೂತು ಎರಡು ಸಲ ಗಟ್ಟಿಯಾಗಿ ಓದಬೇಕು. ಮೊದಲ ಸಲ ಕೇಳುವುದಕ್ಕೆ, ಎರಡನೆಯ ಸಲ ಅರ್ಥವಾಗುವುದಕ್ಕೆ ಎಂದು ತಾತ ಹೇಳುತ್ತಿದ್ದನಂತೆ. ತಾತ ಹೋದ ಮೇಲೆ ಆ ಹಿರಿಯರ ಜಾಗ ಅಜ್ಜಿಯದು.

ಸಾರ್ ಕೊಟ್ಟ ಕೊನೆಯ ಶನಿವಾರ ಬೆಳಿಗ್ಗೆ, ಬಿಸಿಲು ಏರುವವರೆಗೆ ಕಾದೆ. ಅಜ್ಜಿ ಹೇಳಿದ್ದ ಹೊತ್ತು. ಅಪ್ಪ ತಿಂಡಿ ಮುಗಿಸಿ ಕೂತಿದ್ದ. ಅವನ ಮುಂದೆ ಹಾಳೆ, ಪೆನ್ನು ಎರಡೂ ಇಟ್ಟೆ.

‘ಕೆಂಪಿಗೆ ಸೈನ್ ಹಾಕಲ್ಲ ಅಂದ್ಯಲ್ಲ, ಬೇಡ. ಇದೊಂದಕ್ಕೆ ಹಾಕು. ಇನ್ಮೇಲೆ ಬೀಗದ ಮಾತೇ ಎತ್ತಲ್ಲ.’

‘ಮಾತು ಎತ್ತಲ್ಲ?’

‘ಎತ್ತಲ್ಲ.’

ಅಪ್ಪನ ಮುಖ ಗೆದ್ದವನ ಹಾಗಾಯಿತು. ಪೆನ್ನಿನ ಮುಚ್ಚಳ ತೆಗೆದ. ಅಷ್ಟರಲ್ಲಿ ಅಜ್ಜಿ ಒಳಗಿನಿಂದಲೇ, ‘ಏನೋ ಅದು ಕಾಗ್ದ? ಓದ್ಸಿದ್ಯಾ?’ ಎಂದು ಕೂಗುತ್ತ ಬಂದು ಎದುರಿಗೆ ಕೂತಳು. ನಾನು ಓದಿದೆ:

‘ಈ ಕಟ್ಟಡದ ಮಾಲೀಕನಾದ ನಾನು, ಟೆರೇಸಿನ ಬಾಗಿಲಿಗೆ ಬೀಗ ಹಾಕಿಸುತ್ತೇನೆ. ಕೆಳಗೆ ಬೆಂಕಿ ಬಿದ್ದು ಮೆಟ್ಟಿಲಲ್ಲಿ ಹೊಗೆ ತುಂಬಿದರೆ ಮೇಲಿನ ಹುಡುಗಿಯರಿಗೆ ಹೊರಗೆ ಬರಲು ಬೇರೆ ದಾರಿ ಇಲ್ಲ. ಇದು ನನಗೆ ಚೆನ್ನಾಗಿ ತಿಳಿದಿದೆ. ತಿಳಿದೂ ನಾನು ಇದಕ್ಕೆ ಒಪ್ಪಿದ್ದೇನೆ.’

ಯಾರೂ ಬಿಡ್ತು ಅನ್ನು ಎನ್ನಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

‘ಇನ್ನೊಂದ್ ಸಲ ಓದು’ ಎಂದಳು ಅಜ್ಜಿ.

ಇನ್ನೊಂದು ಸಲ ಓದಿದೆ, ಮೊದಲಿಗಿಂತ ನಿಧಾನವಾಗಿ. ‘ಒಪ್ಪಿದ್ದೇನೆ’ ಎಂಬಲ್ಲಿ ಅಜ್ಜಿ ಕೈಯೆತ್ತಿದಳು. ಮಗನ ಕಡೆ ತಿರುಗಿದಳು.

‘ಇದೇನ್ಲಾ ಇದು? ದ್ಯಾವತೆಗಳು ಅನ್ನೋಗಂಟ ಕಾಯಂಗಿಲ್ವಾ? ನೀನೇ ಅಸ್ತು ಅಂತ ಬರ್ದು ಕೊಡ್ತಾ ಇದೀಯಲ್ಲಾ.’

‘ನಾನೆಲ್ಲವ್ವ ಬರ್ದೆ? ಬರ್ದಿರೋಳು ಇವ್ಳು.’

‘ಬರ್ದೋಳು ಇವ್ಳು. ಹೆಬ್ಬೆಟ್ಟು ಒತ್ತೋನು ನೀನು.’

ಅಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡು ಮೂರನೆಯ ಸಲ ತಾನೇ ಓದಿಕೊಂಡ, ತುಟಿ ಆಡಿಸುತ್ತ. ‘ಇದನ್ನ ಕಾಲೇಜ್ಗೆ ಕೊಡ್ತೀಯಾ?’ ಎಂದು ಕೇಳಿದ.

‘ಕೊಡ್ತೀನಿ. ವರದಿ ಜೊತೆ ಬೈಂಡ್ ಮಾಡಿಸಿ.’

‘ಮಗ್ಳಾಗಿ?’

‘ಮಗಳು ಅಂತಾನೇ ಓದಿ ಹೇಳ್ದೆ. ಬೇರೆಯೋರಾಗಿದ್ರೆ ಸುಮ್ನೆ ಸೈನ್ ಹಾಕಿಸ್ಕೊಂಡು ಹೋಗ್ತಿದ್ರು.’

ನಾನು ಗೆಲ್ಲುತ್ತೇನೆ ಎಂಬ ಧೈರ್ಯ ಆಗ ನನಗೆ ಇರಲಿಲ್ಲ. ಅವನು ಸಹಿ ಹಾಕಿದ್ದರೆ ಮಾತು ಕೊಟ್ಟಂತೆ ಬೀಗದ ವಿಷಯ ಬಿಡಬೇಕಾಗುತ್ತಿತ್ತು. ಬಿಡುತ್ತಿದ್ದೆನೋ ಇಲ್ಲವೋ, ಅದನ್ನು ಇಲ್ಲಿ ಊಹಿಸಿ ಬರೆಯುವುದಿಲ್ಲ. ಆದದ್ದಿಷ್ಟು: ಅಜ್ಜಿ ಸೊಂಟದಿಂದ ಸಂಚಿ ಬಿಚ್ಚಿ, ಸುಣ್ಣ ಹತ್ತಿದ ಕೀಯನ್ನು ತೆಗೆದು ಹಾಳೆಯ ಮೇಲೆ ಇಟ್ಟಳು. ‘ನಂಗ್ ಬ್ಯಾಡ ಇದು. ನೀನೇ ಇಟ್ಕೊ, ನೀನೇ ಒಪ್ಕೊ’ ಎಂದು ಎದ್ದುಹೋದಳು.

ಅಪ್ಪ ಕೀಗೆ ಹತ್ತಿದ ಸುಣ್ಣವನ್ನು ಬೆರಳಿನಿಂದ ಒರೆಸಿದ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದ. ‘ಬೀಗ ಬ್ಯಾಡ. ಆದ್ರೆ ಯಾರ್ ತೆಗುದ್ರೂ ನಂಗ್ ಗೊತ್ತಾಗ್ಬೇಕು. ಅದಕ್ಕೇನ್ ಹೇಳ್ತದೆ ನಿನ್ ಪುಸ್ತಕ?’

‘ಪುಸ್ತಕ ಬೇಡ ಅನ್ನಲ್ಲ.’

ಮಧ್ಯಾಹ್ನದೊಳಗೆ ವೆಲ್ಡಿಂಗ್ ಅಂಗಡಿಯವನು ಬಂದು ಬಾಗಿಲಿಗೆ ಒಳಗಿನಿಂದ ತೆಗೆಯಬಹುದಾದ ಚಿಲಕ ಕೂರಿಸಿದ. ಅಪ್ಪ ಅಟ್ಟ ಹತ್ತಿ, ಕಣದಲ್ಲಿ ಎತ್ತು ಇದ್ದ ಕಾಲದ ಕೊರಳಗಂಟೆಯನ್ನು ಹುಡುಕಿ ತಂದು ಬಾಗಿಲಿಗೆ ಕಟ್ಟಿದ. ಬಾಗಿಲು ಸರಿದರೆ ನಮ್ಮ ಮನೆಯವರೆಗೂ ಕೇಳುತ್ತದೆ. ದಾವಣಗೆರೆ ಕಡೆಯ ಆ ಹುಡುಗಿ ಒಮ್ಮೆ ತೆಗೆದು ನೋಡಿದಳು, ಗಂಟೆ ಬಡಿಯಿತು, ಕೆಳಗಿನಿಂದ ಅಪ್ಪ ‘ಯಾರದು?’ ಎಂದು ಕೂಗಿದ. ‘ಟೆಸ್ಟಿಂಗ್ ಅಂಕಲ್’ ಎಂದಳು.

ಆ ಕೂಡಲೇ ವರದಿಯ ಪಟ್ಟಿಯಲ್ಲಿ ‘ನಂತರ’ ಎಂಬ ಕಾಲಂ ತುಂಬಿದೆ. ಅಂಕ ಇಳಿದು ಚೌಕ ಹಳದಿಯಾಯಿತು. ಪಕ್ಕದ ‘ಮೊದಲು’ ಎಂಬ ಕಾಲಂನಲ್ಲಿ ಹದಿನೈದು ಹಾಗೆಯೇ ಕೆಂಪಗೆ ಇತ್ತು. ಅಪ್ಪ ಅದರ ಮೇಲೆ ಬೆರಳಿಟ್ಟ.

‘ಈಗ ಸರಿ ಮಾಡ್ಸಿದ್ದೀನಲ್ಲ. ಇದನ್ನ ಅಳ್ಸು.’

‘ಅಳ್ಸಲ್ಲ ಅಪ್ಪ. ಮೊದ್ಲು ಹಂಗೇ ಇತ್ತು.’

‘ಹಠಮಾರಿ’ ಎಂದ. ಅಜ್ಜಿಯನ್ನು ಕರೆದು ಎರಡು ಸಲ ಓದಿಸಿದ. ಆಮೇಲೆ ಕೆಂಪಿನ ಕೆಳಗೆ, ಪೂರ್ತಿ ಹೆಸರು ಬರೆದು ಸಹಿ ಹಾಕಿದ. ಕಾಲೇಜಿನ ಕಚೇರಿ ಮುಚ್ಚುವ ಮುಂಚೆ ಅವನೇ ಸ್ಕೂಟರಿನಲ್ಲಿ ಮೆಟ್ರೊ ಕಂಬಗಳ ಸಂದಿಯಿಂದ ನುಗ್ಗಿಸಿಕೊಂಡು ನನ್ನನ್ನು ಜಯನಗರಕ್ಕೆ ಮುಟ್ಟಿಸಿದ. ಸಾರ್ ಪುಟ ತಿರುವಿ, ಕೆಂಪು ಚೌಕ ನೋಡಿ, ಸಹಿ ನೋಡಿ, ‘ಹೆಂಗೆ?’ ಎಂದರು. ‘ನಾಲ್ಕನೇದು ಸಾರ್’ ಎಂದೆ.

ಜೂನಿನಲ್ಲಿ ಹೊಸ ಹುಡುಗಿಯರು ಬರುವ ಕಾಲ. ಶಿವಮೊಗ್ಗದಿಂದ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಊಟ ಕೇಳಲಿಲ್ಲ, ನೀರು ಕೇಳಲಿಲ್ಲ. ಅಪ್ಪ ಅವರನ್ನು ಮೇಲಕ್ಕೆ ಕರೆದುಕೊಂಡು ಹೋದ. ಅಭ್ಯಾಸದಂತೆ ಕೈ ಬೀಗವಿದ್ದ ಜಾಗಕ್ಕೆ ಹೋಯಿತು, ಅಲ್ಲಿ ಏನೂ ಇರಲಿಲ್ಲ.

‘ಲಾಕ್ ಮಾಡಲ್ವಾ ಸಾರ್?’

‘ಇಲ್ಲ ಸಾರ್. ಒಳಗಿಂದ ಚಿಲಕ. ಗಂಟೆ ಕಟ್ಟಿದೀವಿ.’

ಯೋಚನೆ ಮಾಡಿ ಹೇಳುತ್ತೇವೆ ಎಂದು ಹೊರಟವರು ಹಿಂದಿನ ಬೀದಿಯ ಪಿಜಿಯಲ್ಲಿ ಮಗಳನ್ನು ಸೇರಿಸಿದರು. ಅಲ್ಲಿ ಎರಡು ಬೀಗ ಇವೆಯಂತೆ. ಆ ಸುದ್ದಿ ತಿಳಿದ ಸಂಜೆ ಅಪ್ಪ ಕುರ್ಚಿಯಲ್ಲಿ ಕುಸಿದ. ‘ನೋಡ್ದಾ ಪುಟ್ಟಿ, ಒಂದು ಬೆಡ್ ಹೋಯ್ತು.’

‘ನೋಡ್ದೆ. ಬರ್ಕೊಂಡಿದ್ದೀನಿ.’

‘ಯಾವ ಬಣ್ಣದಲ್ಲಿ?’

‘ಹಸಿರು.’

‘ಹಸಿರಂತೆ. ಹಿಂಗೇ ಆದ್ರೆ ಮಹಡಿ ಪೂರ್ತಿ ಖಾಲಿ ಬೀಳ್ತದೆ.’

ಅಡಕತ್ತರಿಯ ಸದ್ದು ನಿಂತಿತು. ಅಜ್ಜಿ ತಲೆ ಎತ್ತಿ, ‘ದೀಪ ಹಚ್ಚೋ ಹೊತ್ನಲ್ಲಿ ಎಂಥ ಮಾತ್ಲಾ ಅದು. ಬಿಡ್ತು ಅನ್ನು’ ಎಂದಳು.

‘ಬಿಡ್ತು’ ಎಂದ ಅಪ್ಪ.

ಅದು ನನಗೆ ಹೇಳಿದ್ದಲ್ಲ. ನಾನು ಗೆರೆ ಎಳೆಯಲಿಲ್ಲ.